ಒಂದೇ ಆಟ, ಹಲವು ಪಾಠ



ಹಳೆಯ ಸಿನಿಮಾ ಮತ್ತೆ ತೆರೆಗೆ ಬಂದಾಗ, ಅಂದು ಕಂಡದ್ದೇ ಇಂದೂ ಕಾಣುತ್ತದೆ ಎಂಬ ಭರವಸೆ ಪ್ರೇಕ್ಷಕರಿಗೆ ಇರುತ್ತದೆ. ಹಳೆಯ ವಿಡಿಯೋ ಗೇಮ್‌ಗಳ ವಿಷಯದಲ್ಲಿ ಇಂಥ ಭರವಸೆ ಇಟ್ಟುಕೊಳ್ಳುವಂತಿಲ್ಲ. ಮೂವತ್ತು ವರ್ಷ ಹಿಂದಿನ ಆಟವೊಂದು ಮರುಬಿಡುಗಡೆಯಾದರೆ ಮೊದಲು ಕೇಳಬೇಕಾದ ಪ್ರಶ್ನೆ, 'ಇದು ಯಾವ ದೇಶದ ಪ್ರತಿ?' ಎಂಬುದು.

ಈ ಪ್ರಶ್ನೆ ಜೋರಾಗಿ ಎದ್ದದ್ದು 2018ರ ಡಿಸೆಂಬರ್‌ನಲ್ಲಿ. ಸೋನಿ ಕಂಪನಿ ತನ್ನ ಮೊದಲ ಪ್ಲೇಸ್ಟೇಷನ್ನಿನ ಪುಟ್ಟ ರೂಪವೊಂದನ್ನು 20 ಆಟಗಳೊಂದಿಗೆ ಮಾರುಕಟ್ಟೆಗೆ ತಂದಿತು. ಅಮೆರಿಕದ ಗ್ರಾಹಕರು ಆಸೆಯಿಂದ ಕೊಂಡು 'ಟೆಕ್ಕನ್ 3' ಆಡಿದರೆ, ಯಾಕೋ ಆಟ ನಿಧಾನ, ಎಳೆದಂತೆ ಓಡುತ್ತಿದೆ. ಪರಿಣತರು ಪರೀಕ್ಷಿಸಿ ನೋಡಿದಾಗ ಗುಟ್ಟು ಬಯಲಾಯಿತು. 20 ಆಟಗಳ ಪೈಕಿ 9 ಆಟಗಳು ಯುರೋಪಿಗಾಗಿ ತಯಾರಾಗಿದ್ದ ಪ್ರತಿಗಳು!

ಯುರೋಪಿನ ಪ್ರತಿಯಾದರೆ ನಿಧಾನವೇಕೆ? ಉತ್ತರ ಇರುವುದು ಹಳೆಯ ಟಿವಿ ಪೆಟ್ಟಿಗೆಯಲ್ಲಿ. ಜಪಾನ್ ಮತ್ತು ಅಮೆರಿಕದಲ್ಲಿ ಎನ್‌ಟಿಎಸ್‌ಸಿ ಎಂಬ ಪ್ರಸಾರ ಪದ್ಧತಿ ಇತ್ತು. ಅಲ್ಲಿ ಟಿವಿ ತೆರೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಬರೆಯಲ್ಪಡುತ್ತಿತ್ತು. ಯುರೋಪಿನ ಬಹುಭಾಗದಲ್ಲಿದ್ದ ಪಾಲ್ ಪದ್ಧತಿಯಲ್ಲಿ ಈ ಸಂಖ್ಯೆ 50. ಅಂದಿನ ಬಹಳಷ್ಟು ಆಟಗಳಲ್ಲಿ ನಾಯಕನ ಓಟ, ಶತ್ರುವಿನ ನಡೆ, ಹಿನ್ನೆಲೆ ಸಂಗೀತ ಎಲ್ಲವೂ ಈ ಲಯಕ್ಕೇ ಗಂಟು ಬಿದ್ದಿದ್ದವು. ಲಯ 60ರಿಂದ 50ಕ್ಕೆ ಇಳಿದರೆ ಒಂದು ನಿಮಿಷದ ಆಟಕ್ಕೆ 72 ಸೆಕೆಂಡು ಹಿಡಿಯುತ್ತದೆ. ಜೊತೆಗೆ ಪಾಲ್ ತೆರೆಯಲ್ಲಿ ಗೆರೆಗಳ ಸಂಖ್ಯೆ ಹೆಚ್ಚು. 525ರ ಬದಲು 625. ಹೀಗಾಗಿ ಚಿತ್ರ ತೆರೆಯನ್ನು ಪೂರ್ತಿ ತುಂಬದೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತಿತ್ತು. ಕೆಲವು ಕಂಪನಿಗಳು ಯುರೋಪಿಗಾಗಿ ವೇಗವನ್ನು ಸರಿಪಡಿಸಿದವು. ಅನೇಕವು ಆ ಗೋಜಿಗೆ ಹೋಗಲಿಲ್ಲ. 1991ರ 'ಸೋನಿಕ್ ದ ಹೆಜ್‌ಹಾಗ್' ಆಡಿದ ಬ್ರಿಟಿಷ್ ಮಕ್ಕಳು, ವೇಗಕ್ಕೇ ಹೆಸರಾದ ಆ ಮುಳ್ಳುಹಂದಿಯನ್ನು ನಿಧಾನಗತಿಯಲ್ಲೇ ಓಡಿಸಿದರು. ಅದರ ಸಂಗೀತವೂ ಅವರ ಕಿವಿಗೆ ಬಿದ್ದದ್ದು ನಿಧಾನವಾಗಿಯೇ.

ಆದರೆ ವ್ಯತ್ಯಾಸ ವೇಗಕ್ಕೆ ಮಾತ್ರ ಸೀಮಿತವಲ್ಲ. ಕೆಲವೊಮ್ಮೆ ಹೆಸರು ಒಂದೇ ಇದ್ದು ಆಟವೇ ಬೇರೆ. 1986ರಲ್ಲಿ ಜಪಾನಿನಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್ 2' ಬಂತು. ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆಯಲ್ಲಿ ಆಟಗಳನ್ನು ಆಡಿ ನೋಡುತ್ತಿದ್ದ ಹೋವರ್ಡ್ ಫಿಲಿಪ್ಸ್ ಅವರಿಗೆ ಅದು ತೀರಾ ಕಠಿಣ ಅನ್ನಿಸಿತು. ಅದನ್ನು ಕೈಬಿಟ್ಟ ಕಂಪನಿ, ಫ್ಯೂಜಿ ಟೆಲಿವಿಷನ್ ಸಹಯೋಗದಲ್ಲಿ 1987ರಲ್ಲಿ ತಯಾರಾಗಿದ್ದ 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೆಯೇ ಆಟವನ್ನು ಎತ್ತಿಕೊಂಡಿತು. ಅದರ ಪಾತ್ರಗಳ ಜಾಗದಲ್ಲಿ ಮಾರಿಯೊ ಬಳಗವನ್ನು ಕೂರಿಸಿ, 1988ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್ 2' ಎಂದೇ ಅಮೆರಿಕದಲ್ಲಿ ಮಾರಿತು. 1992ರಲ್ಲಿ ಈ ವೇಷಧಾರಿ ಆಟ 'ಸೂಪರ್ ಮಾರಿಯೊ ಯುಎಸ್‌ಎ' ಎಂಬ ಹೆಸರಿನಲ್ಲಿ ತವರಿಗೆ ಮರಳಿತು. ಮೂಲ ಎರಡನೇ ಭಾಗ 1993ರ ಸಂಗ್ರಹವೊಂದರಲ್ಲಿ 'ದ ಲಾಸ್ಟ್ ಲೆವೆಲ್ಸ್' ಎಂಬ ಹೆಸರಿನಿಂದ ಅಮೆರಿಕ ತಲುಪಿತು. ಜಪಾನಿನಲ್ಲಿ ಎಂದೂ ಕಳೆದುಹೋಗಿರದ ಆಟಕ್ಕೆ 'ಕಳೆದುಹೋದ ಹಂತಗಳು' ಎಂಬ ನಾಮಕರಣ!

'ಫೈನಲ್ ಫ್ಯಾಂಟಸಿ' ಸರಣಿಯಲ್ಲೂ ಇಂಥದೇ ಗೊಂದಲ. ಜಪಾನಿನ ಎರಡು, ಮೂರನೇ ಭಾಗಗಳು ಆಗ ಅಮೆರಿಕಕ್ಕೆ ಬರಲೇ ಇಲ್ಲ. ಹೀಗಾಗಿ ನಾಲ್ಕನೆಯದು 1991ರಲ್ಲಿ ಅಲ್ಲಿ 'ಎರಡು' ಆಯಿತು, ಆರನೆಯದು 1994ರಲ್ಲಿ 'ಮೂರು' ಆಯಿತು. 1997ರಲ್ಲಿ ಏಕಾಏಕಿ 'ಏಳು' ಬಂದಾಗ ನಡುವಿನವು ಎಲ್ಲಿ ಹೋದವು ಎಂದು ಗ್ರಾಹಕರು ತಲೆ ಕೆರೆದುಕೊಂಡಿದ್ದರೆ ಆಶ್ಚರ್ಯವಿಲ್ಲ. ಸರಿಯಾದ ಸಂಖ್ಯೆಗಳು ಮರಳಿದ್ದು ಮರುಬಿಡುಗಡೆಗಳಲ್ಲಿ.

ಇನ್ನು ಕಾನೂನಿನ ಕೈವಾಡ. ಮಕ್ಕಳ ಮನಸ್ಸಿಗೆ ಹಾನಿಕರ ಎನಿಸಿದ ಆಟಗಳನ್ನು ಪಟ್ಟಿಗೆ ಸೇರಿಸುವ ವ್ಯವಸ್ಥೆ ಜರ್ಮನಿಯಲ್ಲಿತ್ತು. ಪಟ್ಟಿಗೆ ಸೇರಿದರೆ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ಇದರಿಂದ ಪಾರಾಗಲು ಕೊನಾಮಿ ಕಂಪನಿ 'ಕಾಂಟ್ರಾ' ಆಟದ ಸೈನಿಕರನ್ನು ತೆಗೆದು ರೋಬೋಟ್‌ಗಳನ್ನು ನಿಲ್ಲಿಸಿತು. ಆಟದ ಹೆಸರೂ 'ಪ್ರೊಬೊಟೆಕ್ಟರ್' ಎಂದಾಯಿತು. ಯುರೋಪಿನ ಒಂದು ತಲೆಮಾರು ಬೆಳೆದದ್ದು ಈ ರೋಬೋಟ್‌ಗಳ ಜೊತೆ.

ಯಂತ್ರದ ರಚನೆಯೂ ಆಟವನ್ನು ಬದಲಿಸಿದ್ದುಂಟು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ಯಂತ್ರದಲ್ಲಿ ಕಾರ್ಟ್ರಿಜ್ ತನ್ನದೇ ಧ್ವನಿಯನ್ನೂ ಸೇರಿಸಬಹುದಿತ್ತು. 1985ರಲ್ಲಿ ಅಮೆರಿಕಕ್ಕೆ ಹೋದ ಅದರ ರೂಪಾಂತರ ಎನ್‌ಇಎಸ್‌ನಲ್ಲಿ ಆ ದಾರಿ ಇರಲಿಲ್ಲ. 'ಕ್ಯಾಸಲ್‌ವೇನಿಯಾ 3' ಆಟದ 1989ರ ಜಪಾನಿ ಕಾರ್ಟ್ರಿಜ್‌ನಲ್ಲಿ ವಿಶೇಷ ಚಿಪ್ ಒಂದು ಮೂರು ಹೆಚ್ಚುವರಿ ಸ್ವರಗಳನ್ನು ನುಡಿಸುತ್ತಿತ್ತು. ಅಮೆರಿಕದ ಪ್ರತಿಯಲ್ಲಿ ಅವು ಇಲ್ಲ. ವಾದ್ಯವೃಂದದಿಂದ ಮೂವರನ್ನು ಎಬ್ಬಿಸಿ ಕಳಿಸಿ ಕಚೇರಿ ನಡೆಸಿದ ಹಾಗೆ.

ಹಾಗಾದರೆ ಮರುಬಿಡುಗಡೆ ಮಾಡುವವರು ಯಾವ ಪ್ರತಿಯನ್ನು ಆರಿಸಬೇಕು? ಉತ್ತರ ಕಂಡಷ್ಟು ಸುಲಭವಲ್ಲ. ನಿಂಟೆಂಡೊ 2016 ಮತ್ತು 2017ರಲ್ಲಿ ತಂದ ಪುಟ್ಟ ಯಂತ್ರಗಳಲ್ಲಿ ಯುರೋಪಿನ ಗ್ರಾಹಕರಿಗೂ ಅಮೆರಿಕದ ಪ್ರತಿಗಳನ್ನೇ ಕೊಟ್ಟಿತು. ವೇಗ ಸರಿಯಾಯಿತು, ನಿಜ. ಆದರೆ ಯುರೋಪಿನ ಮಕ್ಕಳು 'ಸ್ಟಾರ್‌ವಿಂಗ್' ಎಂದು ಕರೆದು ಆಡಿದ್ದ ಆಟ ಅಲ್ಲಿ 'ಸ್ಟಾರ್ ಫಾಕ್ಸ್' ಆಗಿತ್ತು. ರೋಬೋಟ್‌ಗಳ ಜಾಗದಲ್ಲಿ ಸೈನಿಕರಿದ್ದರು. ಒಬ್ಬರಿಗೆ ದೋಷ ಎನಿಸಿದ್ದು ಇನ್ನೊಬ್ಬರಿಗೆ ಬಾಲ್ಯ.

ಹಳಗನ್ನಡ ಕಾವ್ಯ ಸಂಪಾದಿಸುವ ವಿದ್ವಾಂಸರು ಈ ಸಮಸ್ಯೆಯನ್ನು ಬಲ್ಲರು. ಒಂದು ಓಲೆಪ್ರತಿಯ ಪಾಠವನ್ನು ಸ್ವೀಕರಿಸಿದರೂ ಉಳಿದ ಪ್ರತಿಗಳ ಪಾಠಾಂತರಗಳನ್ನು ಅವರು ಎಸೆಯುವುದಿಲ್ಲ. ಪುಟದ ಅಡಿಯಲ್ಲಿ ಕೊಡುತ್ತಾರೆ. ಆಟಗಳ ಲೋಕದಲ್ಲೂ ಕೆಲವರು ಈ ದಾರಿ ಹಿಡಿದಿದ್ದಾರೆ. ಸೆಗಾ ಕಂಪನಿಯ 2019ರ ಮೆಗಾ ಡ್ರೈವ್ ಮಿನಿಯಲ್ಲಿ ಭಾಷೆ ಬದಲಿಸಿದರೆ ಅನೇಕ ಆಟಗಳ ಆಯಾ ಪ್ರದೇಶದ ಪ್ರತಿ ತೆರೆದುಕೊಳ್ಳುತ್ತದೆ. ಅದೇ ವರ್ಷದ ಕೊನಾಮಿ ಸಂಗ್ರಹದಲ್ಲಿ 'ಕಾಂಟ್ರಾ' ಪಕ್ಕದಲ್ಲೇ 'ಪ್ರೊಬೊಟೆಕ್ಟರ್' ಕೂಡ ಇದೆ.

ಇದೆಲ್ಲ ಮಕ್ಕಳಾಟದ ಮಾತಲ್ಲವೇ ಎಂದು ಯಾರಾದರೂ ಕೇಳಬಹುದು. 'ಮದರ್' ಎಂಬ ಆಟದ ಕಥೆ ಇದಕ್ಕೆ ಉತ್ತರ. 1989ರಲ್ಲಿ ಜಪಾನಿನಲ್ಲಿ ಬಂದ ಇದರ ಇಂಗ್ಲಿಷ್ ಅನುವಾದ ಮರುವರ್ಷವೇ ಪೂರ್ತಿಯಾಗಿತ್ತು. ಆದರೂ ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ಕಾಲು ಶತಮಾನದ ಬಳಿಕ. ಇದಕ್ಕಾದರೂ ಬಿಡುಗಡೆಯ ಭಾಗ್ಯವಿತ್ತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ. ಉಳಿದ ಅಲ್ಪ ಪಾಲಿನಲ್ಲಿ ಯಾವ ದೇಶದ ಪ್ರತಿ ಬದುಕುತ್ತದೆಯೋ ಮುಂದಿನವರಿಗೆ ಅದೇ 'ಮೂಲ'.

ಭಾರತದ ಟಿವಿಯೂ ಪಾಲ್ ಪದ್ಧತಿಯದೇ ಆಗಿತ್ತು. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ 'ಟಿವಿ ಗೇಮ್' ಎಂದು ಮಾರಾಟವಾದ ಅಗ್ಗದ ಯಂತ್ರಗಳು ಬಹುಮಟ್ಟಿಗೆ ಫ್ಯಾಮಿಕಾಮ್‌ನ ನಕಲುಗಳು. ಕಾರ್ಟ್ರಿಜ್‌ಗೆ ಇಲ್ಲಿನ ಹೆಸರು 'ಕ್ಯಾಸೆಟ್'. ಲೇಬಲ್ಲಿನ ಮೇಲೆ ಸಾವಿರಾರು ಆಟ, ಒಳಗೆ ಕೆಲವೇ ಆಟಗಳ ಪುನರಾವರ್ತನೆ. ಬೇಸಿಗೆ ರಜೆಯಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಸರದಿಯ ಮೇಲೆ ಕಾಂಟ್ರಾ ಆಡಿದ ಆ ಮಕ್ಕಳಿಗೆ ಅದು ಯಾವ ದೇಶದ ಪ್ರತಿ ಎಂಬುದು ಗೊತ್ತಿರಲಿಲ್ಲ. ಆ ಪಾಠವನ್ನು ಯಾವ ಕಂಪನಿಯೂ ಮರುಬಿಡುಗಡೆ ಮಾಡುವುದಿಲ್ಲ. ಅಟ್ಟದ ಮೇಲೆ ಧೂಳು ಹಿಡಿದ ಕ್ಯಾಸೆಟ್ ಒಂದು ಸಿಕ್ಕರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ.