ಏರಿಳಿತ ಕಳೆದುಕೊಂಡ ದನಿ



ಒಮ್ಮೆ ‘ಹ್ಞೂಂ’ ಅಂದು ನೋಡಿ. ಒಪ್ಪಿಗೆಯ ‘ಹ್ಞೂಂ’ ಬೇರೆ, ಅನುಮಾನದ ‘ಹ್ಞೂಂ?’ ಬೇರೆ, ಅತ್ತೆಯವರ ಮಾತಿಗೆ ಸುಮ್ಮನೆ ಗುಟ್ಟುವ ‘ಹ್ಞೂಂ’ ಇನ್ನೂ ಬೇರೆ! ಅರ್ಥ ಬದಲಿಸಿದ್ದು ದನಿಯ ಏರಿಳಿತ.

ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಕಂಪನ ಹೆಚ್ಚಿದರೆ ದನಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಮಾತಿನ ಸ್ನಾಯುಗಳ ಮೇಲೆ ಮೆದುಳಿನ ಹಿಡಿತ ತಪ್ಪಿದರೆ ಅದನ್ನು ಡಿಸಾರ್ಥ್ರಿಯಾ ಎನ್ನುತ್ತಾರೆ. ಪಾರ್ಕಿನ್ಸನ್‌ನಲ್ಲಿ ದನಿ ಸಣ್ಣದಾಗಿ, ಒಂದೇ ಮಟ್ಟದಲ್ಲಿ ಹೋಗುವುದು ಸಾಮಾನ್ಯ. ಕಿರುಮೆದುಳಿಗೆ ತೊಂದರೆಯಾದರೆ ದನಿ ಅಡ್ಡಾದಿಡ್ಡಿ ಏರಿಳಿಯಬಹುದು.

ಏರಿಳಿತ ಹೋದರೆ ಭಾವದ ಜೊತೆ ಮಾತಿನ ಸ್ಪಷ್ಟತೆಯೂ ಹೋಗುತ್ತದೆ. ಆರೋಗ್ಯವಂತರ ವಾಕ್ಯಗಳನ್ನೇ ಕಂಪ್ಯೂಟರಿನಲ್ಲಿ ಒಂದೇ ಸ್ಥಾಯಿಗೆ ತಂದು ಗದ್ದಲದ ನಡುವೆ ಕೇಳಿಸಿದ ಪ್ರಯೋಗಗಳಿವೆ. ಉಚ್ಚಾರ ಬದಲಾಗದಿದ್ದರೂ ಕೇಳುಗರಿಗೆ ಅರ್ಥವಾದ ಪದಗಳು ಕಡಿಮೆಯಾದವು. ಮಾತು ಎಲ್ಲಿ ಮುಗಿಯಿತು, ಒತ್ತು ಯಾವ ಪದಕ್ಕೆ ಎಂದು ಕಿವಿಗೆ ತಿಳಿಸುವುದರಲ್ಲಿ ಏರಿಳಿತದ ಪಾಲು ದೊಡ್ಡದು. ನಮ್ಮ ‘ಬಂದ್ರು’, ‘ಬಂದ್ರಾ’ ನೋಡಿ: ವ್ಯತ್ಯಾಸ ಕೊನೆಯ ಸ್ವರದಲ್ಲಿದೆ. ನಾಲಿಗೆ ಸೋತು ಆ ಸ್ವರ ಮಸುಕಾದಾಗ ದನಿ ನೆರವಿಗೆ ಬರಬೇಕು. ಅದೂ ಸಪಾಟಾದರೆ ಅವರು ಪ್ರಶ್ನೆ ಕೇಳಿದರೆಂದೇ ನಮಗೆ ತಿಳಿಯದು.

ಆಗ ‘ಅಪ್ಪನಿಗೆ ಈಗ ಯಾವುದರಲ್ಲೂ ಆಸಕ್ತಿ ಇಲ್ಲ’ ಎಂದುಕೊಳ್ಳುತ್ತೇವೆ. ಬಂದವರಿಗೆ ಅವರ ಪರವಾಗಿ ನಾವೇ ಉತ್ತರಿಸುತ್ತೇವೆ. ಮೆಲ್ಲಗೆ ಅವರು ಮಾತೇ ಬಿಡುತ್ತಾರೆ. ಹಾಗಾಗದಿರಲಿ. ನೌಪಾಡಾದ ರಸ್ತೆಬದಿಯ ಫ್ಲಾಟಿನಲ್ಲಿದ್ದರೆ ಕಿಟಕಿ ಮುಚ್ಚಿ, ಟಿವಿ ಆರಿಸಿ, ಎದುರು ಕೂತು ಕೇಳಿ. ಅರ್ಥವಾದಷ್ಟನ್ನು ತಿರುಗಿ ಹೇಳಿ, ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ಕೇಳಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ.

ಪಾರ್ಕಿನ್ಸನ್ ಇರುವ ಹಲವರಲ್ಲಿ, ಗಟ್ಟಿಯಾಗಿ ಮಾತಾಡುವ ತರಬೇತಿಯಿಂದ ಏರಿಳಿತವೂ ಹೆಚ್ಚುತ್ತದೆ. ಆದರೆ ಯಾರಿಗೆ ಯಾವ ಅಭ್ಯಾಸ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಹೇಳಬೇಕು. ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಮಗೆ ಹತ್ತಿರದ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಮಾತು ಇದ್ದಕ್ಕಿದ್ದಂತೆ ತೊದಲಿದರೆ ಮಾತ್ರ ಥೆರಪಿಗೆ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲಿ ಥೆರಪಿ ಮರಾಠಿ, ಹಿಂದಿಯಲ್ಲಿ ನಡೆಯಬಹುದು. ಮನೆಮಾತು ಕನ್ನಡವಾದರೆ ಅವರು ದಿನವೂ ಆಡುವ ಹತ್ತು ಮಾತುಗಳನ್ನು, ‘ಕಾಫಿ ಆಯ್ತಾ?’ ‘ಮಗು ಬಂತಾ?’ ಅಂಥವನ್ನು, ಬರೆದು ಥೆರಪಿಸ್ಟ್‌ಗೆ ಕೊಡಿ. ಮನೆಯಲ್ಲಿ ಅವೇ ಅಭ್ಯಾಸದ ಪಾಠವಾಗಲಿ. ಅವರು ಕೇಳಿದಾಗ ಉತ್ತರ ಕೊಡುವವರು ಎದುರಿಗಿರಲಿ.