ಜಡೆ ಕೋಲಾಟ: ಹೆಣೆಯುವುದೂ ಬಿಚ್ಚುವುದೂ

ಮಾಸ್ತಿಕಟ್ಟೆಯ ಸುತ್ತಣ ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ ಕೋಲಾಟವನ್ನು ಕಾಣದವರು ವಿರಳ. ಅದರ ಬಗೆಗಳಲ್ಲಿ ಜಡೆ ಕೋಲಾಟವು ವಿಲಕ್ಷಣವಾದುದು. ಅದರ ಕ್ರಮವನ್ನು ಮೇಳದ ನಾಯಕರಿಗೂ ಆಟಗಾರರಿಗೂ ಈ ಹೊತ್ತು ವಿವರಿಸಲಿಚ್ಛಿಸುತ್ತೇವೆ.

ಚಪ್ಪರದ ತೊಲೆಯಿಂದ ಎಂಟು ಬಣ್ಣದ ಹುರಿಗಳನ್ನು ಇಳಿಬಿಡಬೇಕು. ಎಂಟು ಮಂದಿ ಒಂದು ಕೈಯಲ್ಲಿ ಹುರಿಯನ್ನೂ ಇನ್ನೊಂದರಲ್ಲಿ ಕೋಲನ್ನೂ ಹಿಡಿದು ವೃತ್ತಾಕಾರವಾಗಿ ನಿಲ್ಲುವರು. ಒಬ್ಬರು ಬಿಟ್ಟು ಒಬ್ಬರು ಬಲಕ್ಕೆ, ಉಳಿದವರು ಎಡಕ್ಕೆ ತಿರುಗುವರು. ಎದುರಾದವರೊಡನೆ ಕೋಲು ತಾಕಿಸಿ, ಬಲಕ್ಕೆ ಸಾಗುವವರು ಮೊದಲನೆಯವರನ್ನು ಹೊರಗಿನಿಂದಲೂ ಮುಂದಿನವರನ್ನು ಒಳಗಿನಿಂದಲೂ ದಾಟಬೇಕು. ಒಳಗೆ ನುಸುಳುವವರು ಎದುರಿನವರ ಹುರಿಯಡಿಯಲ್ಲಿ ತಲೆ ಬಾಗಿಸಿದರಾಯಿತು. ಹೀಗೆ ಸಾಗಿದಂತೆ ಮೇಲಿನಿಂದ ಜಡೆ ಹೆಣೆದು ಬರುತ್ತದೆ. ಯೂರೋಪಿನ ವಸಂತೋತ್ಸವದ ಕಂಬದ ಕುಣಿತದಲ್ಲಿಯೂ ಪಟ್ಟಿಗಳನ್ನು ಹೀಗೆಯೇ ಹೆಣೆಯುವುದುಂಟು.

ಕಷ್ಟವಿರುವುದು ಬಿಚ್ಚುವುದರಲ್ಲಿ. ‘ಹಿಂದಕ್ಕೆ’ ಎಂದೊಡನೆ ಬಲದವರು ಅಭ್ಯಾಸಬಲದಿಂದ ಮತ್ತೆ ಹೊರಗಿನಿಂದಲೇ ತೊಡಗಿದರೆ ಜಡೆ ಗಂಟಾಗುವುದು. ಕೊನೆಯಲ್ಲಿ ಯಾರನ್ನು ಒಳಗಿನಿಂದ ದಾಟಿದೆವೋ, ಮರಳುವಾಗ ಮೊದಲು ಅವರನ್ನೇ ಒಳಗಿನಿಂದ ದಾಟಬೇಕು. ಆದುದರಿಂದ ನಾಯಕರು ದಾಟುಗಳನ್ನು ಎಣಿಸುತ್ತ ಸಮಸಂಖ್ಯೆಯಲ್ಲಿಯೇ ನಿಲ್ಲಿಸುವುದು ಲೇಸು. ಆಗ ಬಲದವರ ಕೊನೆಯ ದಾಟು ಯಾವಾಗಲೂ ಒಳಗಿನದೇ ಆಗಿರುವುದು. ಒಬ್ಬರು ತಪ್ಪಿದರೆ ಎಂಟು ಮಂದಿಯೂ ಸಿಕ್ಕಿಕೊಳ್ಳುವರು. ಜಡೆ ಕಟ್ಟಿದುದಕ್ಕೆ ನೋಟಕರು ಮೆಚ್ಚಬಹುದು. ಹುರಿಗಳು ಮರಳಿ ಬಿಡಿಬಿಡಿಯಾಗಿ ಇಳಿದಾಗಲೇ ಆಟ ಪೂರ್ಣವಾಯಿತೆಂದು ನಾವು ಭಾವಿಸುತ್ತೇವೆ.