ಇರುಳನ್ನು ಅಳೆಯುವ ಗಿಡಗಳು: ನಂದಿ ತಪ್ಪಲಿನ ಸೇವಂತಿಗೆ, ಕೋಣೆಯೊಳಗಿನ ಗಾಂಜಾ

ಸೇವಂತಿಗೆ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ. ಗಾಂಜಾ ಹಾಪ್ಸ್ ಬಳ್ಳಿಯ ದಾಯಾದಿ. ಹುಟ್ಟಿನಲ್ಲಿ ನಂಟಿಲ್ಲದ ಈ ಎರಡು ಗಿಡಗಳಿಗೂ ಒಂದೇ ಅಭ್ಯಾಸವಿದೆ: ಹೂ ಬಿಡಬೇಕೋ ಬೇಡವೋ ಎಂಬುದನ್ನು ಎರಡೂ ರಾತ್ರಿಯ ಉದ್ದ ನೋಡಿ ತೀರ್ಮಾನಿಸುತ್ತವೆ. ಕತ್ತಲೆ ಒಂದು ಮಿತಿಗಿಂತ ಹೆಚ್ಚು ಹೊತ್ತು ಎಡೆಬಿಡದೆ ಇದ್ದರೆ ಮೊಗ್ಗು, ಇಲ್ಲವಾದರೆ ಬರೀ ಸೊಪ್ಪು. ಇಂಥವನ್ನು ಸಸ್ಯಶಾಸ್ತ್ರ ಹ್ರಸ್ವದಿನ ಸಸ್ಯಗಳೆಂದು ಕರೆಯುತ್ತದೆ. ದೀರ್ಘರಾತ್ರಿ ಸಸ್ಯಗಳೆಂದಿದ್ದರೆ ಹೆಸರು ಹೆಚ್ಚು ಒಪ್ಪುತ್ತಿತ್ತು. ಇದೇ ಅಭ್ಯಾಸವನ್ನು ನಂಬಿ ಚಿಕ್ಕಬಳ್ಳಾಪುರದ ಸುತ್ತಮುತ್ತ ರೈತರು ಬಟ್ಟಬಯಲಿನ ಸೇವಂತಿಗೆ ತೋಟಗಳಿಗೆ ಬಲ್ಬು ಕಟ್ಟುತ್ತಾರೆ. ಇದನ್ನೇ ನಂಬಿ ಬೇರೆ ಕೆಲವರು ಬಾಡಿಗೆ ಮನೆಯ ಕಿಟಕಿಗೆ ಕಪ್ಪು ಪರದೆ ಇಳಿಬಿಟ್ಟು ಕುಂಡದಲ್ಲಿ ಗಾಂಜಾ ಬೆಳೆಯುತ್ತಾರೆ. ವಿದ್ಯೆ ಒಂದೇ, ಮೊದಲನೆಯದು ಬೇಸಾಯ, ಎರಡನೆಯದು ಅಪರಾಧ.

1,478 ಮೀಟರ್ ಎತ್ತರದ ನಂದಿಬೆಟ್ಟ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13.4 ಡಿಗ್ರಿಯಲ್ಲಿದೆ. ಇಲ್ಲಿ ಜೂನ್ ಮೂರನೆಯ ವಾರದ ಅತಿ ಉದ್ದದ ಹಗಲು 12 ಗಂಟೆ 55 ನಿಮಿಷದ ಆಸುಪಾಸು, ಡಿಸೆಂಬರಿನ ಅತಿ ಗಿಡ್ಡ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಎರಡಕ್ಕೂ ನಡುವೆ ಒಂದೂವರೆ ಗಂಟೆಯ ಅಂತರ. ಅದೇ ಪ್ಯಾರಿಸ್ಸಿನಲ್ಲಿ ಬೇಸಿಗೆಯ ಹಗಲು 16 ಗಂಟೆ, ಚಳಿಗಾಲದ್ದು 8 ಗಂಟೆ ಚಿಲ್ಲರೆ. ಸೇವಂತಿಗೆಯ ಬಹುಪಾಲು ತಳಿಗಳಲ್ಲಿ ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಬಲಿಯತೊಡಗುತ್ತದೆ. ಹಾಗೆಂದ ಮೇಲೆ ನಂದಿಯ ತಪ್ಪಲಿನಲ್ಲಿ ಈ ಗಿಡಕ್ಕೆ ಹೆಚ್ಚುಕಡಿಮೆ ವರ್ಷವಿಡೀ ಹೂವಿನ ಕಾಲವೇ. ಬೆಳಗಿನ ಸಂಜೆಯ ಮಬ್ಬುಬೆಳಕನ್ನೂ ಲೆಕ್ಕಕ್ಕೆ ಹಿಡಿದರೆ ಜೂನ್ ತಿಂಗಳೊಂದು ಗಡಿಯ ಹತ್ತಿರ ಬರುತ್ತದೆ, ಅಷ್ಟೆ.

ಇದು ಕೇಳುವುದಕ್ಕೆ ವರವೆನಿಸಿದರೂ ತೋಟದಲ್ಲಿ ತೊಡಕಾಗುತ್ತದೆ. ನೆಟ್ಟ ಸಸಿ ಗೇಣುದ್ದ ಬೆಳೆಯುವ ಮೊದಲೇ ತುದಿಯಲ್ಲಿ ಮೊಗ್ಗು ಕಟ್ಟಿಬಿಟ್ಟರೆ ಕವಲು ಒಡೆಯುವುದಿಲ್ಲ, ಎಲೆ ಸಾಲುವುದಿಲ್ಲ, ಬುಟ್ಟಿ ತುಂಬುವುದಿಲ್ಲ. ಗಿಡ ಮೊದಲು ಮೈ ತುಂಬಿಕೊಂಡು ಆಮೇಲೆ ಹೂವಿಗೆ ಇಳಿಯಬೇಕು. ಅದಕ್ಕಾಗಿ ಮೊದಲ ಕೆಲವು ವಾರ ಅದರ ರಾತ್ರಿಯನ್ನು ಮುರಿಯಬೇಕು. ಬಲ್ಬು ಬಂದದ್ದು ಈ ಕಾರಣಕ್ಕೆ.

ತೋಟದ ವ್ಯವಸ್ಥೆ ಸರಳವಾದದ್ದು. ಏರುಮಡಿಯ ಮೇಲೆ ಮಲ್ಚಿಂಗ್ ಪೇಪರ್, ಅದರಡಿ ಡ್ರಿಪ್ ಪೈಪು, ಪೇಪರಿನ ತೂತುಗಳಲ್ಲಿ ಸಸಿ. ಸಾಲಿನುದ್ದಕ್ಕೂ ಕಂಬ ನೆಟ್ಟು, ತಲೆಗಿಂತ ಎತ್ತರದಲ್ಲಿ ವೈರ್ ಎಳೆದು, ಕೆಲವು ಅಡಿಗೊಂದರಂತೆ ಹೋಲ್ಡರ್ ಇಳಿಬಿಟ್ಟು ಬಲ್ಬು ಸಿಕ್ಕಿಸುತ್ತಾರೆ. ಹಿಂದೆ ಅರವತ್ತು, ನೂರು ವ್ಯಾಟಿನ ತಂತಿಬಲ್ಬುಗಳು ಮಾಡುತ್ತಿದ್ದ ಕೆಲಸವನ್ನು ಈಗ ಒಂಬತ್ತು ಹತ್ತು ವ್ಯಾಟಿನ ಎಲ್‌ಇಡಿ ಮಾಡುತ್ತದೆ. ಸಣ್ಣ ರೈತನ ಕೈಗೆ ಈ ವಿದ್ಯೆ ಎಟುಕಿದ್ದು ಎಲ್‌ಇಡಿ ಅಗ್ಗವಾದ ಮೇಲೆಯೇ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಕಾಯಬೇಕು, ಬಲ್ಬಿಗೆ ಸಿಂಗಲ್ ಫೇಸ್ ಸಾಕು. ಮೋಡವಿಲ್ಲದ ರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನದಿಂದ ಇಂಥ ತೋಟಗಳು ಕತ್ತಲೆಯ ನಡುವೆ ಚೌಕ ಚೌಕವಾಗಿ ಹೊಳೆಯುವುದು ಕಾಣುತ್ತದೆ. ಕೆಳಗೆ ಯಾವುದೋ ಜಾತ್ರೆ ಎಂದುಕೊಳ್ಳುವವರೂ ಇದ್ದಾರೆ.

ಬೇಕಾದ ಬೆಳಕು ಎಷ್ಟು ಕಡಿಮೆ ಎಂಬುದೇ ಇಲ್ಲಿಯ ಸೋಜಿಗ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸೇವಂತಿಗೆಯ ರಾತ್ರಿ ಮುರಿಯಲು ಎಲೆಯ ಮೇಲೆ ನೂರು ಲಕ್ಸ್ ಬಿದ್ದರೆ ಸಾಕು, ಎಂದರೆ ಬಿಸಿಲಿನ ಸಾವಿರದಲ್ಲೊಂದು ಪಾಲು. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಮುಟ್ಟಿದರೆ ಹೆಚ್ಚು, ಅದರಿಂದ ಗಿಡ ಮೋಸಹೋಗುವುದಿಲ್ಲ. ಬಲ್ಬಿನ ಬೆಳಕು ಗಿಡಕ್ಕೆ ಅನ್ನವಲ್ಲ, ಸುದ್ದಿ. ರಾತ್ರಿ ಇನ್ನೂ ಉದ್ದವಾಗಿಲ್ಲ ಎಂಬ ಸುಳ್ಳು ಸುದ್ದಿ. ಆದ್ದರಿಂದಲೇ ರಾತ್ರಿಯಿಡೀ ಬಲ್ಬು ಉರಿಸಬೇಕಿಲ್ಲ. ನಡುರಾತ್ರಿಯ ಆಚೀಚೆ ಮೂರು ನಾಲ್ಕು ಗಂಟೆ ಉರಿಸಿದರೆ ಒಂದು ದೊಡ್ಡ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಒಡೆಯುತ್ತದೆ. ಟೈಮರ್ ಇಟ್ಟು ಹತ್ತು ನಿಮಿಷ ಉರಿಸಿ ಇಪ್ಪತ್ತು ನಿಮಿಷ ಆರಿಸುತ್ತ ಹೋದರೂ ಫಲ ಸಿಗುತ್ತದೆ, ಕರೆಂಟಿನ ಖರ್ಚು ಮೂರರಲ್ಲೊಂದಕ್ಕೆ ಇಳಿಯುತ್ತದೆ.

ತೋಟದಂಚಿನಲ್ಲಿ ಬೀದಿದೀಪವಿದ್ದರೆ ಇದೇ ಪಾಠ ತಲೆಕೆಳಗಾಗಿ ಕಾಣುತ್ತದೆ. ಬಲ್ಬು ಆರಿಸಿದ ಮೇಲೆ ತೋಟವೆಲ್ಲ ಮೊಗ್ಗಿಗೆ ಬಂದರೂ ದೀಪದ ಕೆಳಗಿನ ಗಿಡಗಳು ಹಚ್ಚಗೆ ಸೊಪ್ಪಾಗಿಯೇ ನಿಂತಿರುತ್ತವೆ. ಹೊರಗಿನ ಕಣ್ಣಿಗೆ ಅವೇ ಪುಷ್ಟಿಯಾಗಿ ಕಾಣುವುದೂ ಉಂಟು. ಕುಡಿಯೊಂದನ್ನು ಚಿವುಟಿ, ಎಳೆ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸೊಪ್ಪಿನಲ್ಲಿರುವ ಗಿಡದ ತುದಿ ಪುಟ್ಟದಾಗಿ ಎಲೆಗಳ ನಡುವೆ ಹುದುಗಿರುತ್ತದೆ. ಹೂವಿಗೆ ತಿರುಗಿದ ಗಿಡದ ತುದಿ ಅಗಲವಾಗಿ ಉಬ್ಬಿ, ಸಣ್ಣ ಗುಮ್ಮಟದಂತೆ ಗುಂಡಗಾಗಿರುತ್ತದೆ. ಮೊಗ್ಗು ಕಣ್ಣಿಗೆ ಬೀಳುವ ಎಷ್ಟೋ ದಿನ ಮುಂಚೆಯೇ ಗಿಡ ಮನಸ್ಸು ಮಾಡಿರುತ್ತದೆ.

ಬಲ್ಬು ಆರಿಸಿದ ದಿನದಿಂದ ಹೂ ಕೊಯ್ಯುವ ದಿನದವರೆಗೆ ತಳಿಗೆ ತಕ್ಕಂತೆ ಎಂಟರಿಂದ ಹನ್ನೆರಡು ವಾರ ಬೇಕು. ಬಿಳಿಯ ಪೂರ್ಣಿಮಾ, ಹಳದಿಯ ಐಶ್ವರ್ಯ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು, ಒಂದೊಂದರ ಲೆಕ್ಕ ಒಂದೊಂದು. ಈ ಲೆಕ್ಕದ ಇನ್ನೊಂದು ತುದಿಯಲ್ಲಿ ಪಂಚಾಂಗವಿದೆ. ಗಿಡ ನೋಡುವುದು ಸೂರ್ಯನನ್ನು, ಮಾರುಕಟ್ಟೆ ನೋಡುವುದು ಚಂದ್ರನನ್ನು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ಮೂರು ವರ್ಷದಲ್ಲಿ ಹಬ್ಬ ಇಪ್ಪತ್ತೆರಡು ದಿನ ಹಿಂದೆ ಸರಿಯಿತು. ನಡುಹಗಲ ಸೂರ್ಯನಿಗೆ ಇದ್ಯಾವುದೂ ಗೊತ್ತಿಲ್ಲ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ಆಯುಧಪೂಜೆಗೆ ಕೈಗೆ ಹತ್ತದ ಸೇವಂತಿಗೆ ಹಬ್ಬ ಕಳೆದ ಮಾರನೆಯ ದಿನ ಕೇಳುವವರಿಲ್ಲದೆ ತಿಪ್ಪೆ ಸೇರುವುದು ಹೂವಿನ ಮಾರುಕಟ್ಟೆಗೆ ಹೊಸದಲ್ಲ. ಸೌರಮಾನದ ಗಿಡವನ್ನು ಚಾಂದ್ರಮಾನದ ಹಬ್ಬಕ್ಕೆ ಹೊಂದಿಸುವ ಸಾಧನ ಬಲ್ಬಿನ ಸ್ವಿಚ್ಚು. ಅಕ್ಟೋಬರ್ ಮೊದಲ ವಾರದ ಹಬ್ಬಕ್ಕೆ ಹತ್ತು ವಾರದ ತಳಿಯಾದರೆ ಜುಲೈ ಕೊನೆಯಲ್ಲಿ ಬಲ್ಬು ಆರಬೇಕು. ಅದಕ್ಕೆ ಮೊದಲೇ ಟ್ರಾನ್ಸ್‌ಫಾರ್ಮರ್ ಸುಟ್ಟು ಐದಾರು ರಾತ್ರಿ ಕತ್ತಲೆಯಾದರೆ ಗಿಡ ಕಾಯುವುದಿಲ್ಲ, ತನ್ನ ಪಾಡಿಗೆ ಮೊಗ್ಗಿಗೆ ಹೊರಡುತ್ತದೆ.

ಗಿಡ ಕತ್ತಲೆಯನ್ನು ಅಳೆಯುವುದು ಎಲೆಯಿಂದ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ನೀಲಿಬಣ್ಣದ ಪ್ರೋಟೀನು ಇದೆ. ಅದಕ್ಕೆ ಎರಡು ರೂಪ. ಕೆಂಪು ಬೆಳಕು ಬಿದ್ದರೆ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುತ್ತದೆ, ಕತ್ತಲೆಯಲ್ಲಿ ಮೆಲ್ಲಗೆ ಹಿಂದಿರುಗುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಲೆಟಿಸ್ ಬೀಜಗಳ ಮೇಲೆ ಈ ತಿರುಗುಮುರುಗನ್ನು ತೋರಿಸಿಕೊಟ್ಟರು. ಅದಕ್ಕೂ ಮುಂಚೆ, 1938ರಲ್ಲಿ, ಹ್ಯಾಮ್ನರ್ ಮತ್ತು ಬಾನರ್ ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡವೊಂದರ ಮೇಲೆ ಪ್ರಯೋಗ ನಡೆಸಿ, ಲೆಕ್ಕಕ್ಕೆ ಬರುವುದು ಹಗಲಲ್ಲ, ಮುರಿಯದ ಇರುಳು ಎಂದು ಖಚಿತಪಡಿಸಿದ್ದರು. ಎಲೆಯ ಸುದ್ದಿ ತುದಿಗೆ ಮುಟ್ಟುವುದು ಹೇಗೆ ಎಂಬುದಕ್ಕೆ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ ಹಿಡಿದದ್ದು ಸೇವಂತಿಗೆಯನ್ನೇ. ತುದಿಯ ಎಲೆ ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಗಿಡ್ಡ ಹಗಲು ಕೊಟ್ಟಾಗ ತುದಿಯಲ್ಲಿ ಹೂ ಬಂತು. ಎಲೆಯಿಂದ ಏನೋ ಹರಿದು ಹೋಗುತ್ತದೆ ಎಂದು ಊಹಿಸಿ ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟರು. ಆ ವಸ್ತು ಒಂದು ಪುಟ್ಟ ಪ್ರೋಟೀನು ಎಂದು ಗೊತ್ತಾಗಲು 2007ರವರೆಗೆ ಕಾಯಬೇಕಾಯಿತು.

ಈ ವಿದ್ಯೆಯ ತೌರು ಹುಡುಕಿದರೆ ಸಿಗುವುದು ಗಾಂಜಾ ಗಿಡ. ಪ್ಯಾರಿಸ್ಸಿನಲ್ಲಿ ಜೂಲಿಯೆನ್ ಟೂರ್ನ್ವಾ ಎಂಬ ಯುವ ಸಸ್ಯಶಾಸ್ತ್ರಜ್ಞ 1912ರ ಹೊತ್ತಿಗೆ ಹಾಪ್ಸ್ ಮತ್ತು ಗಾಂಜಾ (ಕ್ಯಾನಬಿಸ್) ಗಿಡಗಳನ್ನು ಗಾಜಿನ ಮನೆಯಲ್ಲಿ ಬೆಳೆಸುತ್ತಿದ್ದ. ಚಳಿಗಾಲದಲ್ಲಿ ಬಿತ್ತಿದ ಗಿಡಗಳು ಇನ್ನೂ ಬೆರಳುದ್ದವಿರುವಾಗಲೇ ಹೂಬಿಟ್ಟದ್ದನ್ನು ಕಂಡು, ಕಾರಣ ಚಳಿಯಲ್ಲ, ದಿನದ ಅಳತೆ ಎಂದು ಗ್ರಹಿಸಿದ. ಹಗಲು ಕುಗ್ಗುವುದಕ್ಕಿಂತ ಇರುಳು ಹಿಗ್ಗುವುದೇ ಮುಖ್ಯವಿರಬೇಕು ಎಂಬ ಮಾತನ್ನೂ ಬರೆದ. 1914ರ ಮಹಾಯುದ್ಧ ಅವನನ್ನು ನುಂಗಿತು. ಆರು ವರ್ಷದ ನಂತರ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಹೊಗೆಸೊಪ್ಪಿನ ಕುಂಡಗಳನ್ನು ಕತ್ತಲೆಯ ಗೂಡಿಗೆ ಹೊತ್ತು, ಮತ್ತೆ ಹೊರಗೆ ಇಟ್ಟು ಅದೇ ಸತ್ಯವನ್ನು ವಿಸ್ತಾರವಾಗಿ ಪ್ರಕಟಿಸಿದರು. ಪಠ್ಯಪುಸ್ತಕಗಳಲ್ಲಿ ಉಳಿದ ಹೆಸರು ಅವರದು. 1930ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೆನ್ನೆತ್ ಪೋಸ್ಟ್ ಇದನ್ನು ಸೇವಂತಿಗೆಯ ವ್ಯಾಪಾರಿ ಬೆಳೆಗೆ ತಂದ. ನಂದಿ ತಪ್ಪಲಿನ ಬಲ್ಬು ಆ ಸಾಲಿನ ಈಚಿನ ಕುಡಿ.

ಮನೆಯೊಳಗೆ ಗಾಂಜಾ ಬೆಳೆಯುವವರು ಮಾಡುವುದೂ ಇದನ್ನೇ, ಒಂದು ದೊಡ್ಡ ವ್ಯತ್ಯಾಸದೊಂದಿಗೆ. ಅಲ್ಲಿ ದೀಪವೇ ಸುದ್ದಿ, ದೀಪವೇ ಅನ್ನ. ಬಿಸಿಲು ಬೀಳದ ಕೋಣೆಯಲ್ಲಿ ದ್ಯುತಿಸಂಶ್ಲೇಷಣೆಗೂ ವಿದ್ಯುತ್ತೇ ಆಗಬೇಕು. ಸೊಪ್ಪಿನ ಹಂತದಲ್ಲಿ ದಿನಕ್ಕೆ ಹದಿನೆಂಟು ಗಂಟೆ ದೀಪ, ಹೂವಿಗೆ ತಿರುಗಿಸಲು ಹನ್ನೆರಡು ಗಂಟೆ ಗಾಢ ಕತ್ತಲೆ ಎಂಬುದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಲೆಕ್ಕ. ಗಾಂಜಾದಲ್ಲಿ ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ಮತ್ತಿನ ಅಂಶವಾದ ಟಿಎಚ್‌ಸಿ ತುಂಬಿರುವುದು ಹೆಣ್ಣು ಹೂವಿನ ಅಂಟುಗ್ರಂಥಿಗಳಲ್ಲಿ. ಅದರ ರಾಸಾಯನಿಕ ರಚನೆಯನ್ನು ಇಸ್ರೇಲಿನ ಮೆಕೂಲಂ ಮತ್ತು ಗವೋನಿ 1964ರಲ್ಲಿ ಬಿಡಿಸಿದರು. ಪರಾಗ ತಾಕಿ ಕಾಳು ಕಟ್ಟಿದರೆ ಮಾಲಿನ ಬೆಲೆ ಬಿತ್ತು. ಮುಚ್ಚಿದ ಕೋಣೆ ಪರಾಗವನ್ನೂ ಹೊರಗಿಡುತ್ತದೆ, ಪೊಲೀಸರನ್ನೂ ಹೊರಗಿಡುತ್ತದೆ ಎಂಬ ಎಣಿಕೆ. ಎರಡನೆಯ ಎಣಿಕೆ ಹಲವು ಸಲ ತಪ್ಪಿದೆ. 2021ರಲ್ಲಿ ಬಿಡದಿ ಬಳಿಯ ವಿಲ್ಲಾವೊಂದರೊಳಗೆ ಇಂಥ ಬೆಳೆ ನಡೆಸುತ್ತಿದ್ದದ್ದನ್ನು ಬೆಂಗಳೂರಿನ ಪೊಲೀಸರು ಪತ್ತೆ ಮಾಡಿದ್ದರು.

ಕರೆಂಟಿನ ಲೆಕ್ಕದಲ್ಲಿ ಈ ಬೇಸಾಯ ಬಲು ದುಂದುಗಾರ. ಅಮೆರಿಕದ ಒಟ್ಟು ವಿದ್ಯುತ್ತಿನಲ್ಲಿ ಶೇಕಡ ಒಂದರಷ್ಟನ್ನು ಕೋಣೆಯೊಳಗಿನ ಗಾಂಜಾ ನುಂಗುತ್ತಿದೆ ಎಂದು ಸಂಶೋಧಕ ಇವಾನ್ ಮಿಲ್ಸ್ 2012ರಲ್ಲಿ ಅಂದಾಜು ಮಾಡಿದ್ದರು. ದೀಪ ಹುಟ್ಟಿಸುವ ಸೆಕೆಯನ್ನು ತೆಗೆಯಲು ಏಸಿ, ಎಲೆಗಳು ಬಿಡುವ ತೇವ ಹೀರಲು ಯಂತ್ರ, ವಾಸನೆ ಅಡಗಿಸಲು ಇದ್ದಿಲಿನ ಫಿಲ್ಟರ್. ನಂದಿಯಂಥ ಕಡೆ ಪುಕ್ಕಟೆಯಾಗಿ ಸುರಿಯುವ ಬಿಸಿಲನ್ನು ಹೊರಗೆ ನಿಲ್ಲಿಸಿ ಒಳಗೆ ಕೊಂಡುತಂದ ಬಿಸಿಲು ಹಚ್ಚುವುದಕ್ಕೆ ಬೇಸಾಯದ ಕಾರಣ ಯಾವುದೂ ಇಲ್ಲ, ಅಡಗಿಸುವ ಕಾರಣ ಒಂದೇ.

ಕಾನೂನು ಈ ವಿಷಯದಲ್ಲಿ ಬಿಗಿ. 1985ರ ಮಾದಕ ದ್ರವ್ಯ ಕಾಯ್ದೆಯ 8ನೆಯ ಕಲಮು ಗಾಂಜಾ ಗಿಡ ಬೆಳೆಯುವುದನ್ನೇ ನಿಷೇಧಿಸಿದೆ. 20ನೆಯ ಕಲಮಿನ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ವಶಪಡಿಸಿಕೊಂಡ ಗಾಂಜಾಕ್ಕೆ ಅಲ್ಪ ಪ್ರಮಾಣ 1 ಕಿಲೋ, ವಾಣಿಜ್ಯ ಪ್ರಮಾಣ 20 ಕಿಲೋ ಎಂಬ ತೂಕದ ಮೆಟ್ಟಿಲುಗಳಿವೆ. ಬೆಳೆಯುವ ಅಪರಾಧಕ್ಕೆ ಅಂಥ ಮೆಟ್ಟಿಲಿಲ್ಲ, ಕುಂಡವಾದರೂ ಎಕರೆಯಾದರೂ ಕಲಮು ಒಂದೇ. ತನ್ನ ಜಮೀನಿನಲ್ಲಿ ಇಂಥ ಬೆಳೆ ಇರುವುದು ಗೊತ್ತಿದ್ದೂ ತಿಳಿಸದ ಜಮೀನುದಾರನೂ 46ನೆಯ ಕಲಮಿಗೆ ಸಿಕ್ಕಿಬೀಳುತ್ತಾನೆ. ಸಂದು ಇರುವುದು ಸೊಪ್ಪಿನ ವಿಷಯದಲ್ಲಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂವಿನ ಇಲ್ಲವೆ ಕಾಯಿಯ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಉತ್ತರ ಕರ್ನಾಟಕದ ಮಠಗಳಲ್ಲಿ, ಹೋಳಿಯಲ್ಲಿ ಬಳಕೆಯಿದ್ದ ಭಂಗಿಸೊಪ್ಪು ಈ ಸಂದಿನಲ್ಲಿ ಉಳಿದುಕೊಂಡಿತು. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನಿನ ಆದೇಶವೊಂದರಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹೇಳಿತು. ಆದರೆ ಸೊಪ್ಪಿಗೆಂದು ಗಿಡ ಬೆಳೆಸಲು ಅದು ಪರವಾನಗಿಯಲ್ಲ. ಕೆನಡಾ 2018ರಲ್ಲಿ ಮನೆಗೆ ನಾಲ್ಕು ಗಿಡ, ಜರ್ಮನಿ 2024ರಲ್ಲಿ ವಯಸ್ಕರಿಗೆ ತಲಾ ಮೂರು ಗಿಡ ಬೆಳೆಯಲು ಬಿಟ್ಟಿರುವುದು ಇಲ್ಲಿ ಯಾರ ನೆರವಿಗೂ ಬರುವುದಿಲ್ಲ. ಕಾಯ್ದೆಯ 14ನೆಯ ಕಲಮಿನಡಿ ನಾರಿಗೂ ಬೀಜಕ್ಕೂ ಸರ್ಕಾರ ಅನುಮತಿ ಕೊಡಬಹುದು, ಉತ್ತರಾಖಂಡ ಆ ದಾರಿ ಹಿಡಿದಿದೆ.

ಹೆಸರಿನ ಗೊಂದಲವೂ ಇದರ ಜೊತೆಗೇ ಬರುತ್ತದೆ. ಪತ್ರಿಕೆಗಳು ಕೆಲವೊಮ್ಮೆ ನಾರಿನ ಗಾಂಜಾವನ್ನು ಸೆಣಬು ಎಂದು ಬರೆಯುತ್ತವೆ. ಈ ಸೀಮೆಯ ರೈತ ಹಸಿರುಗೊಬ್ಬರಕ್ಕೆ ಬಿತ್ತಿ ಉಳುವ ಸೆಣಬು ಹುರುಳಿ, ತೊಗರಿಯ ಕಡೆಯ ದ್ವಿದಳ ಗಿಡ, ಗಾಂಜಾಕ್ಕೂ ಅದಕ್ಕೂ ಸಂಬಂಧವಿಲ್ಲ. ಪುಂಡಿಸೊಪ್ಪಿನ ಶಾಸ್ತ್ರೀಯ ಹೆಸರಿನಲ್ಲಿ ಕ್ಯಾನಬಿನಸ್ ಎಂಬ ಪದವಿದೆ, ಬೆರಳು ಚಾಚಿದ ಎಲೆಯ ಹೋಲಿಕೆಯಿಂದ ಬಂದದ್ದು. ಸಾರಿಗೆ ಹುಳಿ ಕೊಡುವ ಆ ಸೊಪ್ಪಿಗೆ ಮತ್ತಿನ ಗುಣವಿಲ್ಲ.

ಕತ್ತಲೆ ಬೆಳಕನ್ನು ಆಳುವ ಕೆಲಸ ಈ ಸೀಮೆಗೆ ಹೂವಿನಿಂದ ಬಂದದ್ದೂ ಅಲ್ಲ. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಮನೆಗಳಲ್ಲಿ ಮೊಟ್ಟೆಯ ಮೇಲೆ ಕಪ್ಪು ಚುಕ್ಕೆ ಕಂಡ ಕೂಡಲೇ ಮೊಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲೆಯಲ್ಲಿಡುತ್ತಾರೆ. ಮುಂದಾಗಿ ಬಲಿತವು ಕಾಯುತ್ತವೆ, ಹಿಂದುಳಿದವು ಜೊತೆಗೂಡುತ್ತವೆ. ಗೊತ್ತಾದ ದಿನ ಬೆಳಗ್ಗೆ ಕಾಗದ ಬಿಚ್ಚಿ ಬೆಳಕಿಗೆ ಹಿಡಿದರೆ ಕೆಲವೇ ಗಂಟೆಗಳಲ್ಲಿ ಮರಿಗಳು ಒಟ್ಟಿಗೆ ಹೊರಬರುತ್ತವೆ, ಅವುಗಳ ಮೇಲೆ ಸಣ್ಣಗೆ ಹೆಚ್ಚಿದ ಎಳೆ ಹಿಪ್ಪುನೇರಳೆ ಸೊಪ್ಪು ಉದುರಿಸುತ್ತಾರೆ. ಸೇವಂತಿಗೆ ತೋಟದಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಬೆಳಕಿನಿಂದ ಕಾಯಿಸಿ ಕತ್ತಲೆಗೆ ಬಿಡುತ್ತಾರೆ. ಕೊನೆಯ ರಾತ್ರಿಯ ಬಲ್ಬು ಆರಿದ ಮೇಲೆ ಹೋಲ್ಡರ್‌ಗಳನ್ನು ಬಿಚ್ಚಿ, ವೈರನ್ನು ಮೊಣಕೈಗೆ ಸುತ್ತಿಕೊಂಡು, ಬಲ್ಬುಗಳನ್ನು ಟೊಮೆಟೊ ಕ್ರೇಟಿಗೆ ತುಂಬಿ, ಹೊಸದಾಗಿ ಸಸಿ ನೆಟ್ಟ ಪಕ್ಕದ ತಾಕಿಗೆ ಸಾಗಿಸುತ್ತಾರೆ.